ಬಿಸಿಲಲ್ಲಿ ಕಾಯುವ ಬಾಟಲಿ

ಜೂನ್ ಹತ್ತಿರವಾದಂತೆ ಕ್ಯಾಲಿಫೋರ್ನಿಯಾದ ನಾಪಾ, ಸೊನೋಮಾ ಕಣಿವೆಗಳ ಎಷ್ಟೋ ವೈನರಿಗಳು ತಮ್ಮ ಗಿರಾಕಿಗಳಿಗೆ ಹೆಚ್ಚುಕಡಿಮೆ ಒಂದೇ ಧಾಟಿಯ ಓಲೆ ಕಳಿಸುತ್ತವೆ. ನಿಮ್ಮ ಪೆಟ್ಟಿಗೆ ಸಿದ್ಧವಾಗಿದೆ, ದುಡ್ಡೂ ಸಂದಾಯವಾಗಿದೆ, ಆದರೆ ಬಿಸಿಲು ಇಳಿಯುವ ತನಕ ಮಾಲು ನಮ್ಮಲ್ಲೇ ಇರಲಿ ಎನ್ನುವುದು ಅದರ ಸಾರ. ಟೆಕ್ಸಸ್, ಅರಿಜೋನಾ ಕಡೆಯ ಗಿರಾಕಿಗೆ ಮೇ ತಿಂಗಳಲ್ಲಿ ಕೊಂಡ ವೈನ್ ಕೈಗೆ ಸಿಗುವುದು ಅಕ್ಟೋಬರಿನಲ್ಲಿ. ಮಾರಿದ ಸರಕನ್ನು ವ್ಯಾಪಾರಿಯೇ ನಾಲ್ಕೈದು ತಿಂಗಳು ತಡೆದಿಟ್ಟುಕೊಳ್ಳುವುದು ವಿಚಿತ್ರ ವ್ಯಾಪಾರದಂತೆ ಕಾಣುತ್ತದೆ. ಆದರೂ ಸೆಕೆಯ ನಾಡಿಗೆ ವೈನ್ ಕಳಿಸಲು ಈತನಕ ಕಂಡುಕೊಂಡ ಉಪಾಯಗಳಲ್ಲಿ ಅಗ್ಗದ್ದೂ ನೆಚ್ಚಬಹುದಾದದ್ದೂ ಇದೇ ಎನ್ನುವುದು ನನ್ನ ಅಭಿಪ್ರಾಯ. ಥರ್ಮಾಕೋಲ್ ಪೆಟ್ಟಿಗೆ, ಮಂಜಿನ ಪೊಟ್ಟಣ, ಶೀತಲ ಕಂಟೇನರ್, ವಿಮಾನದ ಕೊರಿಯರ್ ಇವೆಲ್ಲ ಉಪಯೋಗಕ್ಕೆ ಬರುತ್ತವೆ, ನಿಜ. ಆದರೆ ಅವು ದಾರಿಯ ಮೇಲಿರುವ ಬಾಟಲಿಯ ಕಾವಲಿಗೆ ಹೇಳಿ ಮಾಡಿಸಿದವು. ವೈನ್ ಕೆಡುವುದು ಬಹುಮಟ್ಟಿಗೆ ಅದು ಬಂದರಿನ ಅಂಗಳದಲ್ಲೋ ಗೋದಾಮಿನ ಮೂಲೆಯಲ್ಲೋ ಅಂಗಡಿಯ ಗಾಜಿನ ಹಿಂದೆಯೋ ಯಾರ ಲೆಕ್ಕಕ್ಕೂ ಸೇರದೆ ನಿಂತಿರುವಾಗ.

ಮೊದಲು ಬಾಟಲಿಯ ಕತ್ತನ್ನು ನೋಡೋಣ. 750 ಮಿಲಿಲೀಟರ್ ವೈನ್ ತುಂಬಿ ಕಾರ್ಕ್ ಹಾಕಿದ ಮೇಲೆ ಕಾರ್ಕಿನ ತಳಕ್ಕೂ ವೈನಿನ ಮಟ್ಟಕ್ಕೂ ನಡುವೆ ಉಳಿಯುವ ಜಾಗ ಒಂದೂವರೆ ಸೆಂಟಿಮೀಟರ್ ಆಸುಪಾಸು. ಕತ್ತಿನ ಒಳವ್ಯಾಸ ಎರಡು ಸೆಂಟಿಮೀಟರಿಗೂ ಕಡಿಮೆ. ಲೆಕ್ಕ ಹಾಕಿದರೆ ಅಲ್ಲಿರುವುದು ಸುಮಾರು 4 ಮಿಲಿಲೀಟರ್ ಗಾಳಿ, ಒಂದು ಚಹಾ ಚಮಚವೂ ತುಂಬದಷ್ಟು. ಈಗ 20 ಡಿಗ್ರಿಯಲ್ಲಿದ್ದ ಈ ವೈನ್ 40 ಡಿಗ್ರಿಗೆ ಕಾದರೆ ಅದು ಸುಮಾರು 5 ಮಿಲಿಲೀಟರ್ ಹಿಗ್ಗುತ್ತದೆ. ಜಾಗ ನಾಲ್ಕು, ಹಿಗ್ಗು ಐದು. ಇದ್ದ ಗಾಳಿ ಹಿಂಡಿಹೋಗಿ ಒತ್ತಡ ಏರುತ್ತದೆ, ಕಾರ್ಕ್ ಕೂದಲೆಳೆಯಷ್ಟು ಮೇಲೇಳುತ್ತದೆ, ಇಲ್ಲವೇ ಅದರ ಪಕ್ಕದಿಂದ ವೈನ್ ಜಿನುಗುತ್ತದೆ. ರಾತ್ರಿ ತಣಿದಾಗ ವೈನ್ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮಾರನೆಯ ಹಗಲು ಮತ್ತೆ ಹಿಗ್ಗು, ರಾತ್ರಿ ಮತ್ತೆ ಕುಗ್ಗು. ಹೀಗೆ ಒಂದು ವಾರ ನಡೆದರೆ ಬಾಟಲಿ ಉಸಿರಾಡಲು ಕಲಿತಂತೆಯೇ. ಕಾರ್ಕಿನ ತಲೆ ಗಾಜಿನ ಅಂಚಿಗಿಂತ ಮೇಲೆದ್ದಿದ್ದರೆ, ಮೇಲಿನ ತಗಡಿನ ಮುಸುಕು ಉಬ್ಬಿದ್ದರೆ, ಅದರಡಿ ಕೈಗೆ ಅಂಟುವ ಕೆಂಪು ಕರೆ ಕಂಡರೆ, ಆ ಬಾಟಲಿ ಎಲ್ಲೋ ಬೆಂದು ಬಂದಿದೆ ಎಂದೇ ಲೆಕ್ಕ.

ತಿರುಪು ಮುಚ್ಚಳದ ಬಾಟಲಿಯಲ್ಲಿ ಈ ಕುರುಹುಗಳು ಸಿಗುವುದಿಲ್ಲ. ಅದರ ಕತ್ತಿನಲ್ಲಿ ಖಾಲಿ ಜಾಗ ಹೆಚ್ಚು ಬಿಡುತ್ತಾರೆ, ಮುಚ್ಚಳವೂ ಜಾರುವಂಥದಲ್ಲ. ಸೆಕೆಯ ನಾಡಿಗೆ ಅದೇ ಒಳ್ಳೆಯದು ಎಂದು ಹೇಳುವವರಿದ್ದಾರೆ, ನಾನೂ ಒಪ್ಪುತ್ತೇನೆ. ಆದರೆ ಅದು ತಡೆಯುವುದು ಗಾಳಿಯನ್ನು ಮಾತ್ರ. ಒಳಗಿನ ರಸಾಯನಕ್ಕೆ ಮುಚ್ಚಳ ಯಾವುದಾದರೇನು? ಕಾವು ಹತ್ತು ಡಿಗ್ರಿ ಏರಿದರೆ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಸ್ಥೂಲ ಲೆಕ್ಕ ರಸಾಯನಶಾಸ್ತ್ರದ ಪಾಠದಲ್ಲಿ ಎಲ್ಲರೂ ಓದಿದ್ದೇ. ಇಷ್ಟೇ ಆಗಿದ್ದರೆ ಬಿಸಿಯಾದ ವೈನ್ ಬೇಗ ಮಾಗಿದ ವೈನ್ ಆಗುತ್ತಿತ್ತು, ತಕರಾರಿರುತ್ತಿರಲಿಲ್ಲ. ತೊಡಕೇನೆಂದರೆ ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲ. ವೈನನ್ನು ಕಾಯುವ ಗಂಧಕದ ಡೈಆಕ್ಸೈಡ್ ಬೇಗ ಕರಗಿಹೋಗುತ್ತದೆ, ಹೂವಿನ, ಹಸಿ ಹಣ್ಣಿನ ಪರಿಮಳ ಕೊಡುವ ಎಸ್ಟರುಗಳು ಒಡೆಯುತ್ತವೆ, ಬಿಳಿ ವೈನ್ ಕಂದು ತಿರುಗುತ್ತದೆ, ರೀಸ್ಲಿಂಗ್ ತಳಿಯಲ್ಲಿ ಸೀಮೆಎಣ್ಣೆಯಂಥ ವಾಸನೆ ಹೊತ್ತಿಗೆ ಮುಂಚೆಯೇ ತಲೆಯೆತ್ತುತ್ತದೆ. ಕೆಂಪು ವೈನಿನಲ್ಲಿ ತಾಜಾ ಹಣ್ಣಿನ ರುಚಿ ಹೋಗಿ ಕುದಿಸಿದ ಜಾಮಿನ, ಒಣಹಣ್ಣಿನ ರುಚಿ ಬರುತ್ತದೆ. ತಂಪು ನೆಲಮಾಳಿಗೆಯ 12-14 ಡಿಗ್ರಿಯಲ್ಲಿ ಹತ್ತು ವರ್ಷ ಮಾಗಿದ ವೈನಿಗೂ ಕಂಟೇನರಿನಲ್ಲಿ ಹತ್ತು ದಿನ ಬೆಂದ ವೈನಿಗೂ ಹೋಲಿಕೆಯೇ ಇಲ್ಲ.

ಎಲ್ಲ ವೈನೂ ಒಂದೇ ಸಮ ಸೋಲುವುದಿಲ್ಲ. ಬಿಳಿಯದು, ತೆಳು ಗುಲಾಬಿ ಬಣ್ಣದ್ದು ಮೊದಲು ಸೋಲುತ್ತವೆ. ಷಾಂಪೇನ್ ಬಾಟಲಿಯೊಳಗೆ ತಂಪಿದ್ದಾಗಲೇ ವಾತಾವರಣದ ಐದಾರು ಪಟ್ಟು ಒತ್ತಡ ಇರುತ್ತದೆ, ಬಿಸಿಲಿಗೆ ಅದು ಇನ್ನೂ ಏರುತ್ತದೆ. ಈಚೆಗೆ ನಗರಗಳಲ್ಲಿ ಹೆಸರು ಮಾಡುತ್ತಿರುವ, ಗಂಧಕ ಹಾಕದ, ಸೋಸದ ‘ನೈಸರ್ಗಿಕ’ ವೈನುಗಳ ಕಷ್ಟವೇ ಬೇರೆ. ಅವುಗಳಲ್ಲಿ ಉಳಿದ ಯೀಸ್ಟು, ಬ್ಯಾಕ್ಟೀರಿಯಾ ಸೆಕೆ ಸಿಕ್ಕಿದ್ದೇ ಎಚ್ಚರಾಗಿ, ಮಿಕ್ಕ ಸಕ್ಕರೆಯನ್ನು ಮತ್ತೆ ಹುದುಗಿಸಲು ಹೊರಡುತ್ತವೆ. ತಯಾರಕರಿಗೆ ಇದೆಲ್ಲ ಹೊಸ ಸುದ್ದಿಯೇನಲ್ಲ. ಬಿಳಿ ವೈನನ್ನು ಬಾಟಲಿಗೆ ಇಳಿಸುವ ಮುನ್ನ ಅದರ ಒಂದು ಮಾದರಿಯನ್ನು 80 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಆಮೇಲೆ ತಣಿಸಿ ಮಬ್ಬಾಗುತ್ತದೆಯೇ ಎಂದು ನೋಡುವ ರೂಢಿ ಅವರಲ್ಲಿದೆ. ಮಬ್ಬಾದರೆ ಬೆಂಟೊನೈಟ್ ಎಂಬ ಜೇಡಿಮಣ್ಣು ಹಾಕಿ ಅದರ ಪ್ರೋಟೀನು ತೆಗೆಯುತ್ತಾರೆ. ದಾರಿಯಲ್ಲಿ ವೈನಿಗೆ ಏನಾಗಬಹುದೆಂದು ಗೊತ್ತಿದ್ದೇ ಮಾಡುವ ಪರೀಕ್ಷೆಯಿದು.

ಈ ಕಷ್ಟ ಇಂದು ನೆನ್ನೆಯದಲ್ಲ, ನಮ್ಮ ಕರಾವಳಿಗೂ ಇದು ಹಳೆಯ ಪರಿಚಯ. ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕ ಕೈಪಿಡಿ ಇಟಲಿಯ, ಲಾವೊಡಿಸಿಯಾದ, ಅರೇಬಿಯದ ವೈನು ಭರೂಚಿನ ಬಂದರಿಗೆ ಬರುತ್ತಿತ್ತೆಂದು ಬರೆದಿದೆ. ಮಲಬಾರ್ ಕರಾವಳಿಯ ಮುಜಿರಿಸ್ ಬಂದರಿಗೂ ಸ್ವಲ್ಪ ಬರುತ್ತಿತ್ತು. ಅರಿಕಮೇಡು, ಪಟ್ಟಣಂ ಉತ್ಖನನಗಳಲ್ಲಿ ಸಿಕ್ಕ ಆಂಫೊರಾ ಎಂಬ ಮಣ್ಣಿನ ಉದ್ದ ಜಾಡಿಗಳ ಚೂರುಗಳು ಆ ಮಾತಿಗೆ ಸಾಕ್ಷಿ. ಆ ಜಾಡಿಗಳ ದಾರಿಯನ್ನು ಒಮ್ಮೆ ನೆನೆಯಬೇಕು. ನೈಲ್ ನದಿಯಲ್ಲಿ ಕಾಪ್ಟಸ್ ತನಕ ದೋಣಿ, ಅಲ್ಲಿಂದ ಕೆಂಪು ಸಮುದ್ರದ ಬೆರೆನಿಕೆ ಬಂದರಿಗೆ ಒಂಟೆಯ ಮೇಲೆ 12 ದಿನ ಮರಳುಗಾಡು. ಮುಂಗಾರಿನ ಗಾಳಿ ಹಿಡಿಯಬೇಕಾದ್ದರಿಂದ ಹಡಗು ಹೊರಡುವುದು ಜುಲೈ ಹೊತ್ತಿಗೆ, ಅಂದರೆ ವರ್ಷದ ಕಡುಸೆಕೆಯಲ್ಲಿ. ಆ ಮರಳುಗಾಡನ್ನು ಬಹುಪಾಲು ರಾತ್ರಿ ಹೊತ್ತು ದಾಟುತ್ತಿದ್ದರು, ಹಗಲು ತಂಗುದಾಣಗಳಲ್ಲಿ ಕಳೆಯುತ್ತಿದ್ದರು ಎಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಜಾಡಿಯ ಒಳಮೈಗೆ ಮರದ ರಾಳ ಬಳಿಯುತ್ತಿದ್ದರು, ಕೆಲವು ಬಗೆಯ ವೈನಿಗೆ ಸಮುದ್ರದ ನೀರನ್ನೇ ಬೆರೆಸುತ್ತಿದ್ದರು. ಇಂದಿನ ನಾಲಿಗೆಗೆ ಅದು ಹಿಡಿಸುತ್ತಿತ್ತೋ ಇಲ್ಲವೋ, ಜಾಡಿಯೊಳಗಿನದು ದಡ ಸೇರುವಷ್ಟು ಗಟ್ಟಿಯಾಗಿರಬೇಕು ಎನ್ನುವುದೇ ಅವರ ಮುಖ್ಯ ಚಿಂತೆಯಾಗಿತ್ತು.

ಹದಿನೇಳು, ಹದಿನೆಂಟನೆಯ ಶತಮಾನದಲ್ಲಿ ಇದೇ ಚಿಂತೆ ತಲೆಕೆಳಗಾಯಿತು. ಅಟ್ಲಾಂಟಿಕ್‌ನ ಮಡೇರಾ ದ್ವೀಪದ ವೈನು ಪೀಪಾಯಿಗಳಲ್ಲಿ ಭೂಮಧ್ಯರೇಖೆ ದಾಟಿ ಇಂಡಿಯಾಕ್ಕೂ, ಕಡಲು ದಾಟಿ ಅಮೆರಿಕಕ್ಕೂ ಹೋಗುತ್ತಿತ್ತು. ಹಡಗಿನ ಒಡಲಲ್ಲಿ ತಿಂಗಳುಗಟ್ಟಲೆ ಕಾದು, ಅಲುಗಾಡಿ, ಮಾರಾಟವಾಗದೆ ಮರಳಿ ಬಂದ ಪೀಪಾಯಿಗಳ ವೈನ್ ಹೋದಾಗಿನದಕ್ಕಿಂತ ರುಚಿಯಾಗಿದೆ ಎಂದು ದ್ವೀಪದವರಿಗೆ ತಿಳಿಯಿತು. ಆಮೇಲೆ ಬೇಕೆಂದೇ ಪೀಪಾಯಿಗಳನ್ನು ಉಷ್ಣವಲಯಕ್ಕೆ ಕಳಿಸಿ ವಾಪಸು ತರಿಸುವ ಪರಿಪಾಠ ಬೆಳೆಯಿತು. ‘ವಿನ್ಯೊ ದ ರೋದ’ ಎಂದು ಅದಕ್ಕೆ ಹೆಸರು, ಸುತ್ತಿ ಬಂದ ವೈನ್ ಎಂದರ್ಥ. ಹಡಗಿನ ಖರ್ಚು ಯಾಕೆಂದು ಮುಂದೆ ದ್ವೀಪದಲ್ಲೇ ಬಿಸಿಕೋಣೆ ಕಟ್ಟಿದರು. ಇಂದಿಗೂ ಸಾಧಾರಣ ದರ್ಜೆಯ ಮಡೇರಾವನ್ನು 45ರಿಂದ 50 ಡಿಗ್ರಿಯಲ್ಲಿ ಮೂರು ತಿಂಗಳು ಕಾಯಿಸುತ್ತಾರೆ, ಮೇಲ್ದರ್ಜೆಯದನ್ನು ಅಟ್ಟದ ಮೇಲೆ ಬಿಸಿಲಿನ ಕಾವಿಗೆ ವರ್ಷಗಟ್ಟಲೆ ಬಿಡುತ್ತಾರೆ. ಕಲ್ಕತ್ತೆಯ, ಮದರಾಸಿನ ಇಂಗ್ಲಿಷ್ ಸಾಹೇಬರ ಮೇಜಿನ ಮೇಲೆ ಮಡೇರಾ ಅಷ್ಟು ಕಾಲ ನಿಂತದ್ದಕ್ಕೆ ಒಂದು ಕಾರಣ ಇಲ್ಲಿದೆ. ಬ್ರಾಂದಿ ಬೆರೆಸಿ ಗಟ್ಟಿಮಾಡಿದ, ಮೊದಲೇ ಬೆಂದ ವೈನಿಗೆ ನಮ್ಮ ಬಿಸಿಲು ಇನ್ನೇನು ಮಾಡೀತು?

ಮೂರನೆಯ ದಾರಿ ತೋರಿಸಿದವನು ಲೂಯಿ ಪಾಶ್ಚರ್. ಫ್ರಾನ್ಸಿನ ವೈನ್ ದೂರದೂರಿಗೆ ಹೋಗುವಾಗ ಹುಳಿಯುತ್ತದೆ, ಕಾರಣ ಹುಡುಕು ಎಂದು ಮೂರನೆಯ ನೆಪೋಲಿಯನ್ 1863ರಲ್ಲಿ ಅವನಿಗೆ ಒಪ್ಪಿಸಿದ. ಗಾಳಿ ತಾಗದಂತೆ 50-60 ಡಿಗ್ರಿಗೆ ಸ್ವಲ್ಪ ಹೊತ್ತು ಕಾಯಿಸಿದರೆ ಕೆಡಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ ಎಂದು ಪಾಶ್ಚರ್ ತೋರಿಸಿದ, 1866ರಲ್ಲಿ ಆ ಕುರಿತ ಗ್ರಂಥ ಪ್ರಕಟವಾಯಿತು. ಹಾಲಿಗೆ ಅಂಟಿಕೊಂಡ ಪಾಶ್ಚರೀಕರಣ ಎಂಬ ಹೆಸರು ಹುಟ್ಟಿದ್ದು ವೈನಿನ ಸಾಗಣೆಯ ಕಷ್ಟದಿಂದ. ಕೆಲವು ನಿಮಿಷದ ಕಾವು ವೈನನ್ನು ಉಳಿಸುತ್ತದೆ, ಕೆಲವು ವಾರದ ಕಾವು ಕೆಡಿಸುತ್ತದೆ. ಒಟ್ಟು ಲೆಕ್ಕದಲ್ಲಿ ಡಿಗ್ರಿಯಷ್ಟೇ ತೂಕ ದಿನಗಳಿಗೂ ಇದೆ.

ನವಿರು ವೈನುಗಳನ್ನು ಅವು ಹುಟ್ಟಿದ ಹದದಲ್ಲೇ ದೂರ ಒಯ್ಯಬೇಕು ಎಂಬ ಹಟ ಈಚಿನದು. ಅಮೆರಿಕದಲ್ಲಿ ಆ ಹಟಕ್ಕೆ ಹೆಸರಾದವರು ಕರ್ಮಿಟ್ ಲಿಂಚ್. 1972ರಲ್ಲಿ ಬರ್ಕ್ಲಿಯ ಆಸುಪಾಸಿನಲ್ಲಿ ಸಣ್ಣ ಅಂಗಡಿ ತೆರೆದ ಇವರು, ಬರ್ಗಂಡಿಯ ನೆಲಮಾಳಿಗೆಯಲ್ಲಿ ಮನಸೋತು ಕೊಂಡ ವೈನ್ ಕ್ಯಾಲಿಫೋರ್ನಿಯಾದಲ್ಲಿ ಸಪ್ಪೆಯಾಗಿ ಬಂದಿಳಿದದ್ದನ್ನು ಕಂಡು, ಆಮೇಲೆ ಶೀತಲ ಕಂಟೇನರ್ ಬಿಟ್ಟು ಬೇರೆಯದರಲ್ಲಿ ತರಿಸಲು ಒಪ್ಪಲಿಲ್ಲ. ಬಾಳೆಹಣ್ಣಿಗೆ, ಮಾಂಸಕ್ಕೆ ಇದ್ದ ಸೌಕರ್ಯ ವೈನಿಗೆ ಯಾಕೆ ಎಂದು ಹುಬ್ಬೇರಿಸಿದವರಿಗೆ ಕೊರತೆಯಿರಲಿಲ್ಲ. ಈಗ ಬೆಲೆಬಾಳುವ ವೈನಿಗೆ ಅದು ಮಾಮೂಲು, 12-15 ಡಿಗ್ರಿಗೆ ಹೊಂದಿಸಿ ಕಳಿಸುತ್ತಾರೆ.

ಅಗ್ಗದ ವೈನ್ ಹೋಗುವುದು ಸಾದಾ ಕಂಟೇನರಿನಲ್ಲೇ. ಬಿಸಿಲಲ್ಲಿ ನಿಂತ ಕಬ್ಬಿಣದ ಪೆಟ್ಟಿಗೆಯ ಸೂರಿನಡಿ 50 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಹಾಗಿದ್ದೂ ಅದೇ ಕಂಟೇನರಿನಲ್ಲಿ ಬಂದ ಒಂದೇ ವೈನಿನ ಎರಡು ಬಾಟಲಿಗಳಲ್ಲಿ ಒಂದು ಚೆನ್ನಾಗಿದ್ದು ಇನ್ನೊಂದು ಕೆಟ್ಟಿರಬಹುದು. ಮೇಲಿನ ಸಾಲಿನ, ಗೋಡೆಗೆ ತಾಗಿದ ಪೆಟ್ಟಿಗೆಗಳು ಬೇಯುತ್ತವೆ, ನಡುವಿನವು ಸುತ್ತಲಿನವುಗಳ ಮರೆಯಲ್ಲಿ ಬಚಾವಾಗುತ್ತವೆ. ಹೊಳೆಯುವ ಹಾಳೆಯ ಒಳಹೊದಿಕೆ ಹಾಕಿಸುವುದು, ಕಂಟೇನರನ್ನು ಹಡಗಿನ ಮೇಲಟ್ಟದಲ್ಲಿಡದೆ ಒಡಲಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ, ಎಂಜಿನ್ನಿನಿಂದ ದೂರ ಇಡಿಸುವುದು ನಡುವಣ ದಾರಿ. ಉಷ್ಣವಲಯದಲ್ಲೂ ಸಮುದ್ರದ ನೀರು 30 ಡಿಗ್ರಿಯ ಆಚೀಚೆಯೇ ಇರುವುದರಿಂದ ಆ ಒಡಲಲ್ಲಿ ಅಷ್ಟೇನೂ ಬಿಸಿಯಿರುವುದಿಲ್ಲ. ಆಸ್ಟ್ರೇಲಿಯ ಇನ್ನೊಂದು ಉಪಾಯ ಹಿಡಿಯಿತು. ಒಂದು ಕಂಟೇನರಿನೊಳಗೆ 24,000 ಲೀಟರಿನ ಒಂದೇ ದೊಡ್ಡ ಚೀಲ ತುಂಬಿಸಿ ಕಳಿಸಿ, ಬ್ರಿಟನ್ನಿನಲ್ಲಿ ಬಾಟಲಿಗೆ ಇಳಿಸುವುದು. ಅಷ್ಟು ದೊಡ್ಡ ರಾಶಿ ಕಾಯಲು ದಿನಗಳು ಬೇಕು, ಗಾಜಿನ ತೂಕವೂ ಉಳಿಯಿತು. ಒಟ್ಟಿನಲ್ಲಿ ಸಮುದ್ರದ ಭಾಗ ಬಹುಮಟ್ಟಿಗೆ ಬಗೆಹರಿದ ಲೆಕ್ಕ. ದಾರಿ ತಪ್ಪುವುದು ಎರಡೂ ತುದಿಗಳ ಬಂದರಿನಲ್ಲಿ. ಶೀತಲ ಕಂಟೇನರಿಗೂ ಅಂಗಳದಲ್ಲಿ ವಿದ್ಯುತ್ತಿನ ಪ್ಲಗ್ ಸಿಗಬೇಕು, ಕಾಗದಪತ್ರ ಮುಗಿಯಬೇಕು, ಲಾರಿ ಬರಬೇಕು.

ಹಾಂಗ್‌ಕಾಂಗ್ ಇದನ್ನು ಚೆನ್ನಾಗಿ ಅರಿತಿತ್ತು. 2008ರಲ್ಲಿ ವೈನಿನ ಮೇಲಿನ ಸುಂಕವನ್ನು ಪೂರ್ತಿ ತೆಗೆದುಹಾಕಿ ಏಷ್ಯಾದ ವೈನ್ ಪೇಟೆಯಾಗಲು ಹೊರಟ ಆ ಊರಲ್ಲಿ ಬೇಸಿಗೆಯ ಸೆಕೆಯೂ ತೇವವೂ ವಿಪರೀತ. ಸುಂಕ ತೆಗೆದ ಮರುವರ್ಷವೇ ಅಲ್ಲಿನ ಗುಣಮಟ್ಟ ಸಂಸ್ಥೆ ವೈನ್ ಗೋದಾಮುಗಳ ಕಾವು, ತೇವ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಮಾಡಿತು. ಹರಾಜಿನಲ್ಲಿ ಲಕ್ಷಗಟ್ಟಲೆ ಸುರಿಯುವವನಿಗೆ ಬಾಟಲಿ ಇಷ್ಟು ದಿನ ಎಲ್ಲಿ ಮಲಗಿತ್ತು ಎಂಬುದು ಗೊತ್ತಾಗಬೇಕಲ್ಲ.

ಇನ್ನು ಮನೆ ಬಾಗಿಲಿನ ಮಾತು. ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ ಗ್ರ್ಯಾನ್‌ಹೋಮ್ ಪ್ರಕರಣದ ತೀರ್ಪು ಕೊಟ್ಟು, ತನ್ನ ರಾಜ್ಯದ ವೈನರಿಗೆ ನೇರ ಮಾರಾಟಕ್ಕೆ ಬಿಟ್ಟು ಹೊರರಾಜ್ಯದವರಿಗೆ ತಡೆಯೊಡ್ಡುವುದು ಸಲ್ಲದು ಎಂದಮೇಲೆ ವೈನರಿಯಿಂದ ನೇರ ಗಿರಾಕಿಯ ಮನೆಗೆ ಪೆಟ್ಟಿಗೆ ಕಳಿಸುವ ವ್ಯಾಪಾರ ಬೆಳೆಯಿತು. ಅದರ ಜೊತೆಗೊಂದು ನಿಯಮ ಅಂಟಿಕೊಂಡಿದೆ. 21 ತುಂಬಿದ ವ್ಯಕ್ತಿ ಬಾಗಿಲಲ್ಲಿ ನಿಂತು ಸಹಿ ಹಾಕಿದರೆ ಮಾತ್ರ ಪೆಟ್ಟಿಗೆ ಕೊಡಬೇಕು. ಮಕ್ಕಳ ಕೈಗೆ ಮದ್ಯ ಸಿಗಬಾರದೆಂಬ ಒಳ್ಳೆಯ ಉದ್ದೇಶದ ನಿಯಮ. ಆದರೆ ಡಲ್ಲಾಸಿನಲ್ಲೋ ಫೀನಿಕ್ಸಿನಲ್ಲೋ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ನಮ್ಮ ಕನ್ನಡದ ಮನೆಯೊಂದನ್ನು ನೆನೆಯಿರಿ. ಮಂಗಳವಾರ ಮಧ್ಯಾಹ್ನ ಗಾಡಿ ಬರುತ್ತದೆ, ಬಾಗಿಲು ಬೀಗ. ಪೆಟ್ಟಿಗೆ ಮತ್ತೆ ಗಾಡಿಯೊಳಗೆ. ಸಂಜೆಯವರೆಗೆ ಊರು ಸುತ್ತಿ ಡಿಪೋಗೆ ವಾಪಸು. ಬುಧವಾರ ಅದೇ ಕತೆ. ಮೂರನೆಯ ದಿನ ಮನೆಯಲ್ಲಿ ಯಾರಾದರೂ ಸಿಕ್ಕರೆ ಸರಿ, ಇಲ್ಲದಿದ್ದರೆ ಪೆಟ್ಟಿಗೆ ಬಂದ ದಾರಿಯಲ್ಲೇ ಕ್ಯಾಲಿಫೋರ್ನಿಯಾಕ್ಕೆ. 2023ರ ಬೇಸಿಗೆಯಲ್ಲಿ ಫೀನಿಕ್ಸಿನಲ್ಲಿ ಸತತ 31 ದಿನ ಹಗಲಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ಆ ಗಾಡಿಗಳ ಸರಕಿನ ಕೋಣೆಗೆ ತಂಪು ಯಂತ್ರವಿಲ್ಲ. ಅಷ್ಟೇಕೆ, ಗಾಡಿ ಓಡಿಸುವವರಿಗೇ ಇರಲಿಲ್ಲ. ದೊಡ್ಡ ಕೊರಿಯರ್ ಸಂಸ್ಥೆ ಯುಪಿಎಸ್ ಹೊಸದಾಗಿ ಕೊಳ್ಳುವ ಗಾಡಿಗಳಲ್ಲಿ ಏರ್ ಕಂಡೀಷನರ್ ಹಾಕಿಸಲು ಒಪ್ಪಿದ್ದು 2023ರಲ್ಲಿ, ಕಾರ್ಮಿಕ ಸಂಘದ ಪಟ್ಟಿಗೆ ಮಣಿದು. ಮನುಷ್ಯನಿಗೆ ಸಿಗಲು ಇಷ್ಟು ಕಾಲ ಹಿಡಿದ ತಂಪು ಬಾಟಲಿಗೆ ಯಾವಾಗ ಸಿಕ್ಕೀತು!

ಮಂಜಿನ ಪೊಟ್ಟಣ ಹಾಕಿ ಕಳಿಸುತ್ತೇವೆ ಎಂದು ವೈನರಿಗಳು ಹೆಚ್ಚಿನ ದುಡ್ಡು ತೆಗೆದುಕೊಳ್ಳುತ್ತವೆ. ಇದರ ಲೆಕ್ಕವನ್ನು ಕೂತು ಹಾಕಬೇಕು. 12 ಬಾಟಲಿಯ ಪೆಟ್ಟಿಗೆಯಲ್ಲಿ 9 ಲೀಟರ್ ವೈನ್, ಆರೇಳು ಕೆಜಿ ಗಾಜು. ಇಷ್ಟನ್ನು ಒಂದು ಡಿಗ್ರಿ ತಣಿಸಲು ಸುಮಾರು 43 ಕಿಲೋಜೂಲ್ ಶಾಖ ಹೊರತೆಗೆಯಬೇಕು. ಒಂದು ಕೆಜಿ ಮಂಜುಗಡ್ಡೆ ಕರಗುವಾಗ ಹೀರಿಕೊಳ್ಳುವುದು 334 ಕಿಲೋಜೂಲ್. ಅಂದರೆ ಇಡೀ ಪೆಟ್ಟಿಗೆಗೆ ಸಿಗುವ ತಂಪು ಹೆಚ್ಚೆಂದರೆ 8 ಡಿಗ್ರಿ, ಅದೂ ಹೊರಗಿನಿಂದ ಕಾವು ಒಳಗೆ ಬರುವುದೇ ಇಲ್ಲ ಎಂದುಕೊಂಡರೆ. ನಾಲ್ಕು ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಇದ್ದರೂ, ಹೊರಗೂ ಒಳಗೂ 20 ಡಿಗ್ರಿ ಅಂತರವಿದ್ದಾಗ ಆ ಒಂದು ಕೆಜಿ ಮಂಜು ಐದಾರು ಗಂಟೆಯಲ್ಲಿ ನೀರಾಗುತ್ತದೆ. ಅಂಗೈ ಅಗಲದ ಎರಡು ಜೆಲ್ ಪೊಟ್ಟಣ ಇಟ್ಟು ನಾಲ್ಕು ದಿನದ ದಾರಿಗೆ ಕಳಿಸಿದರೆ ಅದು ಗಿರಾಕಿಯ ಸಮಾಧಾನಕ್ಕೆ ಮಾತ್ರ. ಥರ್ಮಾಕೋಲ್ ತಾನಾಗಿ ತಂಪು ಕೊಡುವುದಿಲ್ಲ, ಕಾವನ್ನು ತಡವಾಗಿಸುತ್ತದೆ. ಬರೀ ರಟ್ಟಿನ ಪೆಟ್ಟಿಗೆ ಮೂರು ನಾಲ್ಕು ಗಂಟೆಯಲ್ಲಿ ಎಷ್ಟು ಕಾವು ಹೀರುತ್ತದೋ ಅಷ್ಟು ಹೀರಲು ಥರ್ಮಾಕೋಲ್ ಪೆಟ್ಟಿಗೆಗೆ ಹನ್ನೆರಡು ಹದಿಮೂರು ಗಂಟೆ ಬೇಕು. ಒಂದು ಹಗಲನ್ನು ದಾಟಿಸಲು ಇದು ಸಾಕು, ಮೂರು ಹಗಲಿಗೆ ಸಾಲದು.

ಇದೇ ಲೆಕ್ಕದಿಂದ ಪುಕ್ಕಟೆಯ ಉಪಾಯವೊಂದು ಹೊರಬೀಳುತ್ತದೆ. ಪೆಟ್ಟಿಗೆ ಕಟ್ಟುವ ಮುನ್ನ ವೈನನ್ನೇ ನೆಲಮಾಳಿಗೆಯ 12 ಡಿಗ್ರಿಗೆ ತಣಿಸಿದರೆ, ಅದು 25 ಡಿಗ್ರಿಗೆ ಏರುವಷ್ಟರಲ್ಲಿ ಒಂದೂವರೆ ಕೆಜಿಗೂ ಹೆಚ್ಚು ಮಂಜಿನ ಕೆಲಸ ಮಾಡಿರುತ್ತದೆ. ಸೋಮವಾರ ಕಳಿಸಿದರೆ ಶನಿವಾರ, ಭಾನುವಾರ ಡಿಪೋದಲ್ಲಿ ಕೊಳೆಯುವುದು ತಪ್ಪುತ್ತದೆ. ಮನೆಯ ವಿಳಾಸದ ಬದಲು ಕಚೇರಿಯದೋ, ಕೊರಿಯರ್‌ನವರ ಏರ್ ಕಂಡೀಷನ್ ಇರುವ ಸಂಗ್ರಹ ಕೇಂದ್ರದ್ದೋ ಕೊಟ್ಟರೆ ಸಹಿಯ ಗೋಳಿಲ್ಲ. ಕೆಲವು ವೈನರಿಗಳು ಟೆಕ್ಸಸ್ ತನಕ ಶೀತಲ ಲಾರಿಯಲ್ಲಿ ಒಟ್ಟಾಗಿ ಕಳಿಸಿ, ಅಲ್ಲಿಂದ ಒಂದು ದಿನದ ದಾರಿಯನ್ನಷ್ಟೇ ಕೊರಿಯರ್‌ಗೆ ಬಿಡುತ್ತವೆ. ಇದು ನನಗೆ ಬುದ್ಧಿವಂತಿಕೆಯಾಗಿ ಕಾಣುತ್ತದೆ. ವಿಮಾನದಲ್ಲಿ ಎರಡೇ ದಿನಕ್ಕೆ ತಲುಪಿಸುವುದೂ ಇದೆ, ಆದರೆ ಬಾಟಲಿಯಷ್ಟೇ ಸಾಗಣೆಗೂ ತೆರಬೇಕಾದೀತು. ಜೊತೆಗೆ ಬಿಸಿಯಾಗುತ್ತಿರುವ ಭೂಮಿಯಿಂದ ವೈನನ್ನು ಕಾಪಾಡಲು ಭೂಮಿಯನ್ನು ಇನ್ನಷ್ಟು ಬಿಸಿಮಾಡುವ ದಾರಿ ಅದು.

ನಮ್ಮ ಕಡೆಗೆ ಬರೋಣ. ದೊಡ್ಡಬಳ್ಳಾಪುರ, ನಂದಿ ಬೆಟ್ಟದ ತಪ್ಪಲಿನ ವೈನರಿಗಳಿಗೆ ಬೆಂಗಳೂರಿನ ಪೇಟೆ ಎರಡು ಗಂಟೆಯ ದಾರಿ. ಈ ಭಾಗದ ಹವೆಯೂ ಮೃದು. ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಮುಟ್ಟಿದ್ದೇ ದಾಖಲೆಯ ಸುದ್ದಿಯಾಯಿತು. ಆದರೆ ಅದೇ ಲಾರಿ ಮೇ ತಿಂಗಳಲ್ಲಿ ಕಲಬುರಗಿಗೋ ರಾಯಚೂರಿಗೋ ಹೊರಟರೆ 42 ಡಿಗ್ರಿ, ದೆಹಲಿಗೆ ಹೊರಟರೆ ನಾಲ್ಕೈದು ದಿನದ ದಾರಿ, ಕೊನೆಯಲ್ಲಿ 45. ಅಬಕಾರಿ ಪ್ರತಿ ರಾಜ್ಯದ ಸ್ವಂತ ವಿಷಯವಾದ್ದರಿಂದ ಲೇಬಲ್ ನೋಂದಣಿ, ಪರ್ಮಿಟ್, ಗಡಿಯ ತಪಾಸಣೆ ಒಂದೊಂದು ಕಡೆ ಒಂದೊಂದು ಬಗೆ. ಪರ್ಮಿಟ್ಟಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಲಾರಿ ರಸ್ತೆ ಬದಿ ನಿಲ್ಲುತ್ತದೆ, ಟಾರ್ಪಾಲಿನಡಿಯ ವೈನೂ ನಿಲ್ಲುತ್ತದೆ. ರಾಜ್ಯದೊಳಗೂ ಸರಕು ಸರ್ಕಾರಿ ಸಗಟು ನಿಗಮದ ಡಿಪೋ ಮೂಲಕ ಹಾಯಬೇಕು. ವಿಸ್ಕಿ, ಬ್ರಾಂದಿ, ರಮ್ಮಿಗೆಂದು ರೂಪುಗೊಂಡ ವ್ಯವಸ್ಥೆಯಿದು. 42.8 ಪ್ರತಿಶತ ಆಲ್ಕೋಹಾಲಿನ ರಮ್ಮು ಗೋದಾಮಿನಲ್ಲಿ ಬೇಸಿಗೆ ಕಳೆದರೆ ಯಾರಿಗೂ ನಷ್ಟವಿಲ್ಲ, 12 ಪ್ರತಿಶತದ ಬಿಳಿ ವೈನ್ ಕಳೆದರೆ ಇದೆ. ಕರ್ನಾಟಕ 2007ರಲ್ಲೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನಿಗೆಂದೇ ಪ್ರತ್ಯೇಕ ಮಳಿಗೆಗಳಿಗೆ ಅವಕಾಶ ಮಾಡಿತು, ವೈನ್ ಮಂಡಳಿಯೂ ಬಂತು. ತೋಟಕ್ಕೂ ಮಳಿಗೆಗೂ ನಡುವಿನ ದಾರಿಗೆ ಅಷ್ಟು ಗಮನ ಸಿಕ್ಕಿಲ್ಲ.

ಇದರಲ್ಲೊಂದು ತಮಾಷೆಯಿದೆ. ವಿಜಯಪುರದ, ನಾಸಿಕದ ತಿನ್ನುವ ದ್ರಾಕ್ಷಿ ಯುರೋಪಿಗೆ ಹೋಗುವಾಗ ಕೊಯ್ದ ಕೆಲವೇ ಗಂಟೆಯಲ್ಲಿ ಶೀತಲ ಕೋಣೆ ಸೇರುತ್ತದೆ, ಸೊನ್ನೆ ಡಿಗ್ರಿಯ ಹತ್ತಿರಕ್ಕೆ ತಣಿಸಿ, ಗಂಧಕದ ಹಾಳೆ ಹಾಸಿದ ಪೆಟ್ಟಿಗೆಯಲ್ಲಿ ಶೀತಲ ಕಂಟೇನರ್ ಹತ್ತುತ್ತದೆ. ಒಣದ್ರಾಕ್ಷಿಯನ್ನೂ ಬಣ್ಣ ಕೆಡದಿರಲೆಂದು ಶೀತಲಗೃಹದಲ್ಲಿ ಇಡುತ್ತಾರೆ. ಅದೇ ನೆಲದ ದ್ರಾಕ್ಷಿಯಿಂದ ಮಾಡಿದ, ಕೆಜಿಗೆ ಎಷ್ಟೋ ಪಟ್ಟು ಬೆಲೆಯ ವೈನ್ ಸಾಮಾನ್ಯವಾಗಿ ಹೋಗುವುದು ಸಾದಾ ಲಾರಿಯಲ್ಲಿ. ಕಾರಣ ಸರಳ. ದ್ರಾಕ್ಷಿ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಕೊಂಡವನು ಕಂಟೇನರನ್ನೇ ತಿರಸ್ಕರಿಸುತ್ತಾನೆ. ವೈನ್ ಕೆಟ್ಟರೆ ಗಾಜಿನ ಹೊರಗಿನಿಂದ ಏನೂ ಕಾಣದು.

ಆಮದಿನ ವೈನಿಗೆ ಇನ್ನೊಂದು ಗಂಟಿದೆ. ವೈನಿನ ಮೇಲಿನ ಆಮದು ಸುಂಕ ಬಹುಕಾಲ 150 ಪ್ರತಿಶತ ಇತ್ತು. ಆಸ್ಟ್ರೇಲಿಯದೊಂದಿಗೆ 2022ರಲ್ಲಿ ಆದ ಒಪ್ಪಂದದಿಂದ ಅಲ್ಲಿನ ದುಬಾರಿ ಬಾಟಲಿಗಳಿಗೆ ರಿಯಾಯಿತಿ ಶುರುವಾಗಿದೆ. ಸುಂಕ ಲೆಕ್ಕ ಹಾಕುವುದು ವೈನಿನ ಬೆಲೆಯ ಮೇಲಷ್ಟೇ ಅಲ್ಲ, ವಿಮೆ, ಸಾಗಣೆ ಖರ್ಚುಗಳನ್ನೂ ಕೂಡಿಸಿ. 150 ಪ್ರತಿಶತದ ದರದಲ್ಲಿ, ಶೀತಲ ಕಂಟೇನರಿಗೆಂದು ಆಮದುದಾರ ಹೆಚ್ಚಾಗಿ ಕೊಟ್ಟ ಒಂದು ರೂಪಾಯಿಗೆ ಒಂದೂವರೆ ರೂಪಾಯಿ ಸುಂಕ ತೆರಬೇಕಾಗುತ್ತಿತ್ತು. ಜಾಗ್ರತೆ ವಹಿಸಿದವನಿಗೇ ದಂಡ. ಬಂದಿಳಿದ ಮೇಲೆ ಸುಂಕದ ಗೋದಾಮಿನಲ್ಲಿ ಸ್ಟಿಕ್ಕರ್ ಅಂಟಿಸುವ, ರಾಜ್ಯದ ಅನುಮತಿಗೆ ಕಾಯುವ ದಿನಗಳು ಬೇರೆ.

ಅಂಗಡಿಯದು ಕೊನೆಯ ನಿಲ್ದಾಣ. ಬೆಂಗಳೂರಿನ ಒಂದು ಮದ್ಯದಂಗಡಿಯಲ್ಲಿ ಪಶ್ಚಿಮದ ಬಿಸಿಲು ನೇರ ಬೀಳುವ ಗಾಜಿನ ಬೀರುವಿನಲ್ಲಿ ಬಿಳಿ ವೈನ್ ಸಾಲಾಗಿ ನಿಂತಿತ್ತು. ಒಂದರ ತಗಡಿನ ಮುಸುಕಿನಡಿ ಬೆರಳಾಡಿಸಿದರೆ ಅಂಟು. ಎಷ್ಟು ದಿನದಿಂದ ಇಲ್ಲಿದೆ ಎಂದು ಕೇಳಿದೆ. “ಹೋದ ದೀಪಾವಳಿಗೆ ಬಂದಿದ್ದು ಸಾರ್, ವೈನ್ ಹಳೇದಾದಷ್ಟೂ ಒಳ್ಳೇದಲ್ವಾ?” ಎಂದರು ಗಲ್ಲಾದ ಮೇಲಿದ್ದವರು, ಯಾವ ಕಪಟವೂ ಇಲ್ಲದೆ. ಪಕ್ಕದಲ್ಲೇ ಬಿಯರ್ ಮಾತ್ರ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು. ಮದ್ಯವನ್ನು ಮನೆಗೆ ತಲುಪಿಸುವ ಪದ್ಧತಿ ನಮ್ಮ ರಾಜ್ಯದಲ್ಲಿ ಬೇರೂರದ ಕಾರಣ ಅಲ್ಲಿಂದಾಚೆಗಿನ ಸಾಗಣೆ ಕೊಂಡವನ ಕಾರಿನ ಡಿಕ್ಕಿಯಲ್ಲೇ. ಬಿಸಿಲಲ್ಲಿ ನಿಲ್ಲಿಸಿದ ಕಾರು ಒಂದು ಗಂಟೆಯಲ್ಲಿ 50 ಡಿಗ್ರಿಯ ಹತ್ತಿರ ಹೋಗುತ್ತದೆ. ಊಟಕ್ಕೆ ಹೋಟೆಲಿಗೆ ನುಗ್ಗುವ ಮೊದಲೋ ಆಮೇಲೋ ವೈನ್ ಕೊಳ್ಳುವುದು ಎನ್ನುವಷ್ಟರ ಮೇಲೆ ಬಾಟಲಿಯ ಹಣೆಬರಹ ನಿಂತಿರುತ್ತದೆ.

ಹಾಗಾದರೆ ಕೆಟ್ಟದ್ದಕ್ಕೆ ಹೊಣೆ ಯಾರದು? ವೈನರಿ ತನ್ನ ಬಾಗಿಲಲ್ಲಿ ಮಾಲು ಒಪ್ಪಿಸಿದ್ದೇ ಕೈತೊಳೆದುಕೊಳ್ಳುವ ಕರಾರುಗಳು ಮಾಮೂಲು. ಸಮುದ್ರ ಸಾಗಣೆಯ ವಿಮೆ ಸರಕಿನ ಸ್ವಭಾವಸಿದ್ಧ ದೋಷವನ್ನು ಹೊರಗಿಡುತ್ತದೆ, ಕಾವಿನ ನಷ್ಟ ಬೇಕಿದ್ದರೆ ಅದನ್ನು ಹೆಸರಿಸಿ ಬರೆಸಿಕೊಳ್ಳಬೇಕು. ಕೊರಿಯರ್ ಒಡೆದ ಬಾಟಲಿಗೆ ಪರಿಹಾರ ಕೊಟ್ಟಾನು, ಬೆಂದ ಬಾಟಲಿಗಲ್ಲ. ಕುಡಿದವನಂತೂ ಸಾಗಣೆಯನ್ನು ಬೈಯುವುದೇ ಇಲ್ಲ. “ಇಷ್ಟೇನಾ ಈ ವೈನ್” ಎಂದು ಲೇಬಲ್ಲಿನ ಮೇಲಿನ ಹೆಸರನ್ನು ಮರೆತುಬಿಡುತ್ತಾನೆ. ನಷ್ಟ ಬಂದು ಕೂರುವುದು ತಪ್ಪು ಮಾಡದ ತೋಟದವನ ತಲೆಯ ಮೇಲೆ, ಅದೂ ಅವನಿಗೆ ಗೊತ್ತಾಗದ ಹಾಗೆ.

ಇದಕ್ಕೆ ಮದ್ದು ಇಲ್ಲದಿಲ್ಲ. ಪೋಲಿಯೊ ಹನಿಯ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೊಂದು ಚೌಕವಿರುತ್ತದೆ. ಕಾವು ತಗುಲಿದಷ್ಟೂ ಚೌಕದ ಬಣ್ಣ ಕಪ್ಪಾಗುತ್ತದೆ, ಸುತ್ತಲಿನ ವೃತ್ತಕ್ಕೆ ಸಮನಾದರೆ ಆ ಲಸಿಕೆ ಹಾಕುವಂತಿಲ್ಲ. ನಮ್ಮ ಹಳ್ಳಿಯ ಆಶಾ ಕಾರ್ಯಕರ್ತೆಗೆ ಅದನ್ನು ಓದಲು ಬರುತ್ತದೆ. ಅಂಥದ್ದೇ ಚೀಟಿ ವೈನ್ ಪೆಟ್ಟಿಗೆಗೂ ಅಂಟಿಸಬಹುದು, ಉಷ್ಣಾಂಶ ಬರೆದಿಡುವ ಸಣ್ಣ ಯಂತ್ರವನ್ನು ಕಂಟೇನರಿನೊಳಗೆ ಇಡಬಹುದು. ದುಬಾರಿ ವೈನಿನ ದೊಡ್ಡ ಆಮದುದಾರರು ಇಡುತ್ತಲೂ ಇದ್ದಾರೆ. ಉಳಿದವರು ಹಿಂಜರಿಯುವುದಕ್ಕೆ ಖರ್ಚೊಂದೇ ಕಾರಣ ಎಂದು ನನಗೆ ಅನಿಸುವುದಿಲ್ಲ. ಚೀಟಿ ಕಪ್ಪಾಗಿ ಬಂದರೆ ಸರಪಳಿಯಲ್ಲಿ ಯಾರಾದರೊಬ್ಬರು ದುಡ್ಡು ಬಿಚ್ಚಬೇಕಾಗುತ್ತದೆ, ಅದಕ್ಕಿಂತ ಚೀಟಿಯೇ ಇಲ್ಲದಿರುವುದು ಎಲ್ಲರಿಗೂ ಅನುಕೂಲ.

ಅಲ್ಲಿಯವರೆಗೆ ಪರೀಕ್ಷೆ ಕೊಂಡವನ ನಾಲಿಗೆಯದೇ. ಪೆಟ್ಟಿಗೆ ಬಂದಾಗ ಮೈ ಮುಟ್ಟಿ ಬಿಸಿಯಿದ್ದರೆ ಅದನ್ನು ಫ್ರೀಜರಿಗೆ ತುರುಕಬಾರದು, ತಂಪು ಕೋಣೆಯಲ್ಲಿ ನಿಧಾನ ತಣಿಯಲು ಬಿಡಬೇಕು. ಕಾರ್ಕಿನ ಮಟ್ಟ, ಮುಸುಕಿನ ಅಂಟು ನೋಡಿ, ಅನುಮಾನ ಬಂದರೆ ಅವತ್ತೇ ಫೋಟೋ ತೆಗೆದು ಮಾರಿದವನಿಗೆ ಕಳಿಸಬೇಕು. ಹನ್ನೆರಡು ಬಾಟಲಿ ಕೊಂಡವನು ಒಳ್ಳೆಯ ದಿನಕ್ಕೆಂದು ಎಲ್ಲವನ್ನೂ ಎತ್ತಿಡದೆ, ಒಂದು ವಾರ ಕಳೆದ ಮೇಲೆ ಒಂದನ್ನಾದರೂ ತೆರೆಯುವುದು ಲೇಸು. ಎರಡು ವರ್ಷ ಬಿಟ್ಟು ತೆರೆದು ದೂರಿದರೆ, ನಿಮ್ಮ ಮನೆಯ ಅಟ್ಟದಲ್ಲೇ ಬೆಂದಿರಬೇಕು ಎಂದು ಅವನು ಹೇಳುತ್ತಾನೆ, ಅದು ಸುಳ್ಳೆನ್ನಲು ನಿಮ್ಮಲ್ಲೂ ಆಧಾರವಿರುವುದಿಲ್ಲ.